ಮೇಜಿನ ಕೆಳಗೆ ಉಳಿದ ಚಪ್ಪಲಿ

“ಡಾಕ್ಟರಮ್ಮ ನನ್ನ ಮುಖ ಎಲ್ಲಿ ನೋಡಿದ್ರು? ಕಂಪ್ಯೂಟರ್ ನೋಡಿದ್ದೇ ನೋಡಿದ್ದು, ಟಕಟಕ ಕುಟ್ಟಿದ್ದೇ ಕುಟ್ಟಿದ್ದು!”

ಆಸ್ಪತ್ರೆ ಎದುರಿನ ಹೊಲಿಗೆ ಅಂಗಡಿಗೆ ಬಂದವರ ಬಾಯಲ್ಲೆಲ್ಲ ಇದೇ ದೂರು. ಟೈಲರಮ್ಮ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ “ಹೂಂ, ಹೂಂ” ಅನ್ನುವಳು. ಅವಳದೊಂದು ಕಟ್ಟುನಿಟ್ಟು. ಯಾರ ಅಳತೆಯನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟೇಪು ಹಿಡಿಯುವಳು, ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಗುರುತು ಹಾಕುವಳು, ಮುಗಿಯಿತು. ಒಬ್ಬರ ಸೊಂಟದ ಸುತ್ತಳತೆ ಇನ್ನೊಬ್ಬರ ಕಿವಿಗೆ ಬೀಳಬಾರದು. ಗಿರಾಕಿಗಳು ಅವಳ ಕೈಗಿಂತ ಅವಳ ಬಾಯಿಯನ್ನೇ ಹೆಚ್ಚು ನಂಬಿದ್ದರು.

ಅವಳ ಗಂಡನನ್ನು ಎಲ್ಲರೂ ಅಂಚೆಯಣ್ಣ ಅನ್ನುತ್ತಿದ್ದರು. ಕಾಗದ ಹಂಚುತ್ತಾ ಬೀದಿ ಬೀದಿ ನಡೆದೇ ಸುತ್ತುವವನು. ಸೈಕಲ್ ಕೊಡುತ್ತೇವೆಂದರೂ ಒಲ್ಲೆ ಅಂದ ಆಸಾಮಿ. ಸೈಕಲ್ ಮೇಲೆ ಹೋದರೆ ಮನೆ ಮನೆಯ ಮುಂದೆ ನಿಂತು ಹರಟುವುದು ಹೇಗೆ? ಇಂಥ ಮಾತುಗಾರನಿಗೆ ಡಾಕ್ಟರ ಮುಂದೆ ಕೂತರೆ ಮಾತ್ರ ಬಾಯಿಗೆ ಬೀಗ. ಏನು ಕೇಳಿದರೂ “ಹೂಂ”. ಅವನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡು ವರ್ಷಗಳಾಗಿದ್ದವು.

ಅವತ್ತು ಇಬ್ಬರೂ ತಪಾಸಣೆಗೆ ಹೋದಾಗ, ಡಾಕ್ಟರಮ್ಮ ಮೇಜಿನ ಮೇಲಿದ್ದ ಅಂಗೈಯಗಲದ ಯಂತ್ರ ತೋರಿಸಿದರು.

“ಇದು ನಮ್ಮ ಮಾತು ಕೇಳಿಸ್ಕೊಂಡು ತಾನೇ ಟಿಪ್ಪಣಿ ಬರೆಯುತ್ತೆ. ಆನ್ ಮಾಡ್ಲಾ?”

ಗಂಡ ಬಾಯಿ ತೆರೆಯುವ ಮೊದಲೇ ಟೈಲರಮ್ಮ, “ಬೇಡಮ್ಮಾ! ನಮ್ಮನೆ ಸಂಗತಿ ಆ ಡಬ್ಬಿಗೆ ಯಾಕೆ?” ಎಂದಳು.

ಹೊರಗೆ ಉದ್ದ ಸಾಲು. ಡಾಕ್ಟರಮ್ಮ ಮರುಮಾತಾಡದೆ ಪರದೆಯತ್ತ ತಿರುಗಿ ಕುಟ್ಟತೊಡಗಿದರು. “ಮಾತ್ರೆ ತಗೋತಿದ್ದೀರಾ?” “ಹೂಂ.” “ಕಾಲು ಚೆನ್ನಾಗಿದೆಯಾ?” “ಹೂಂ.”

ಹೊರಬಂದು ಔಷಧಿ ಕಿಟಕಿಯ ಮುಂದೆ ನಿಂತಾಗ ಸಾಲಿನಲ್ಲಿದ್ದವರು ಗೊಳ್ಳೆಂದರು. ಅಂಚೆಯಣ್ಣನ ಎಡಗಾಲಲ್ಲಿ ಚಪ್ಪಲಿಯೇ ಇಲ್ಲ!

“ಏನ್ರೀ, ತಲೆ ಮನೇಲಿಟ್ಟು ಬಂದ್ರಾ?” ಎಂದು ಟೈಲರಮ್ಮ ನಕ್ಕಳು. ಅವನೂ ನಕ್ಕ. ಅವಳು ಮತ್ತೆ ಒಳಗೆ ಹೋಗಿ ಮೇಜಿನ ಕೆಳಗೆ ಬಗ್ಗಿ ಚಪ್ಪಲಿ ಎತ್ತಿಕೊಂಡಳು. ಡಾಕ್ಟರಮ್ಮ ಇನ್ನೂ ಕುಟ್ಟುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಇವಳೂ ಏನೂ ಹೇಳಲಿಲ್ಲ. ಚಪ್ಪಲಿ ಜಾರಿದ್ದನ್ನೆಲ್ಲ ಡಾಕ್ಟರಿಗೆ ಹೇಳುತ್ತಾರೆಯೇ?

ಹೇಳಬೇಕಿತ್ತು. ಆಮೇಲೆ ಅವಳು ಎಷ್ಟು ಸಲ ಹಾಗಂದುಕೊಂಡಳೋ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮನೆಯ ನೆಲದ ಮೇಲೆಲ್ಲ ಒದ್ದೆ ಹೆಜ್ಜೆಗುರುತು ಕಂಡಿತು. ಗಂಡನ ಪಾದ ಎತ್ತಿ ನೋಡಿದರೆ ಅಂಗಾಲಿನಲ್ಲಿ ಗುಂಡುಸೂಜಿ, ಸುತ್ತ ಕೀವು. ಅವಳದೇ ಸೂಜಿ. ಅದು ಚುಚ್ಚಿ ಎಷ್ಟು ದಿನವಾಗಿತ್ತೋ, ಅವನು ಅದರ ಮೇಲೆಯೇ ಕಾಗದ ಹಂಚುತ್ತಾ ತಿರುಗಿದ್ದ. ನೋವು ಅನ್ನುವುದೇ ಗೊತ್ತಾಗಿರಲಿಲ್ಲ. ನಂಜು ಏರಿ, ಎಡಗಾಲಿನ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆಯಬೇಕಾಯಿತು.

ಮೇಲಿನ ಮನೆಯ ನರ್ಸಕ್ಕ ದಿನವೂ ಬಂದು ಪಟ್ಟಿ ಬದಲಿಸುತ್ತಿದ್ದಳು. ಒಂದು ದಿನ ಕೇಳಿದಳು: “ಯಾವಾಗಾದ್ರೂ ಚಪ್ಪಲಿ ಜಾರಿದ್ದು ಗೊತ್ತಾಗದೆ ನಡೆದಿದ್ರಾ, ಅಣ್ಣಾ?”

ಟೈಲರಮ್ಮ ಅವತ್ತಿನದೆಲ್ಲ ಹೇಳಿದಳು.

“ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಸೋತಿದೆ ಅನ್ನೋದಕ್ಕೆ ಅದೇ ಗುರುತು ಕಣೇ,” ಎಂದಳು ನರ್ಸಕ್ಕ ಮೆಲ್ಲಗೆ.

“ಡಾಕ್ಟ್ರು ನೋಡ್ಬೇಕಿತ್ತಲ್ಲ ಅಕ್ಕಾ!”

“ನೋಡ್ಬೇಕಿತ್ತು. ಆದ್ರೆ ಬಂದವರೆಲ್ಲರದೂ ಬರೀಬೇಕಲ್ಲ. ರೋಗಿ ಎದುರಿಗಿದ್ದಾಗ್ಲೂ ಬರೀತಾರೆ, ಊಟ ಬಿಟ್ಟೂ ಬರೀತಾರೆ. ಆ ಹೊರೆ ಇಳಿಸ್ಲಿ ಅಂತಾನೇ ಯಂತ್ರ ತಂದಿದ್ದು.”

“ಹಾಗಾದ್ರೆ ನಾನು ಬೇಡ ಅಂದಿದ್ದಕ್ಕೇ…”

“ಹಾಗೆಲ್ಲ ತಲೆಗೆ ಹಚ್ಕೋಬೇಡ. ಆ ಯಂತ್ರಕ್ಕೆ ಕಿವಿ ಉಂಟು, ಕಣ್ಣಿಲ್ಲ. ಚಪ್ಪಲಿ ಅದಕ್ಕೂ ಕಾಣ್ತಿರ್ಲಿಲ್ಲ. ಡಾಕ್ಟ್ರ ಕಣ್ಣಿಗೆ ಬಿಡುವು ಸಿಕ್ಕಿದ್ರೆ ಅವರಿಗೆ ಕಾಣ್ತಿತ್ತೇನೋ. ಯಾರಿಗ್ಗೊತ್ತು?”

“ಆದ್ರೂ ಅಕ್ಕಾ, ನಮ್ಮ ಮಾತು ಎಲ್ಲಿಗೆ ಹೋಗುತ್ತೋ ಏನೋ.”

“ಒಳ್ಳೇ ಪ್ರಶ್ನೆ. ಅದನ್ನ ಅವರ ಹತ್ರಾನೇ ಕೇಳು.”

ಮುಂದಿನ ತಪಾಸಣೆಗೆ ಹೋದಾಗ ಟೈಲರಮ್ಮ ಕೂರುವ ಮೊದಲೇ ಕೇಳಿದಳು. “ಡಾಕ್ಟ್ರೇ, ಆ ಡಬ್ಬಿ ಕೇಳಿಸ್ಕೊಂಡಿದ್ದು ಯಾರ ಕೈ ಸೇರುತ್ತೆ?”

ಡಾಕ್ಟರಮ್ಮ ಕುರ್ಚಿಯನ್ನು ಅವಳತ್ತ ತಿರುಗಿಸಿದರು. “ನಮ್ಮಲ್ಲಿ ಟಿಪ್ಪಣಿ ಆದ ಮೇಲೆ ದನಿ ಅಳಿಸಿಹಾಕ್ತೀವಿ. ಟಿಪ್ಪಣಿ ನಿಮ್ಮ ಚಿಕಿತ್ಸೆ ನೋಡೋರಿಗೆ ಬಿಟ್ಟು ಬೇರೆಯವರಿಗೆ ತೋರ್ಸಲ್ಲ. ನಾನು ಓದಿ, ತಿದ್ದಿ, ಒಪ್ಪಿದ ಮೇಲೇ ಅದು ದಾಖಲೆ. ಮಧ್ಯದಲ್ಲಿ ನಿಲ್ಸಿ ಅಂದ್ರೂ ನಿಲ್ಲಿಸ್ತೀನಿ. ಇದನ್ನೆಲ್ಲ ಅವತ್ತೇ ಹೇಳ್ಬೇಕಿತ್ತು. ಅವಸರ ಮಾಡಿದೆ. ನಿಮ್ಮ ಕಾಲೂ ನೋಡ್ಲಿಲ್ಲ ಅಣ್ಣಾ. ಅದು ಡಬ್ಬಿ ತಪ್ಪಲ್ಲ, ನಿಮ್ಮದೂ ಅಲ್ಲ, ನನ್ನ ತಪ್ಪು.”

ಅಂಚೆಯಣ್ಣ ತಲೆ ತಗ್ಗಿಸಿದ. ಟೈಲರಮ್ಮ ಗಂಡನ ಮುಖ ನೋಡಿದಳು. ಈ ಸಲ ಅವನೇ, “ಆನ್ ಮಾಡಿ,” ಎಂದ.

ಡಾಕ್ಟರಮ್ಮ ನೆಲಕ್ಕೆ ಕೂತು ಅವನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡರು. ಕೈಯಲ್ಲೊಂದು ತೆಳು ನೈಲಾನ್ ಎಳೆ. “ಕಣ್ಣು ಮುಚ್ಚಿ. ಮುಟ್ಟಿದ್ದು ಗೊತ್ತಾದಾಗ ಹೇಳಿ.”

“ಹೂಂ,” ಎಂದ ಅಂಚೆಯಣ್ಣ. “ಹೂಂ. ಹೂಂ.”

“ಅಣ್ಣಾ, ನಾನಿನ್ನೂ ಮುಟ್ಟೇ ಇಲ್ಲ!”

ಮೂವರೂ ನಕ್ಕರು. ನಗು ಮುಗಿಯುವ ಮೊದಲೇ ಟೈಲರಮ್ಮನ ಕಣ್ಣು ತುಂಬಿತು. ಇಷ್ಟೇ. ಅವತ್ತು ಬೇಕಾಗಿದ್ದುದು ಇಷ್ಟೇ.

ಆಮೇಲೆ ಎಳೆ ನಿಜವಾಗಿ ಮುಟ್ಟಿದಾಗ ಅವನಿಗೆ ಒಮ್ಮೆಯೂ ಗೊತ್ತಾಗಲಿಲ್ಲ. ಕೊನೆಗೆ ಡಾಕ್ಟರಮ್ಮ ಯಂತ್ರ ಬರೆದದ್ದನ್ನು ಗಟ್ಟಿಯಾಗಿ ಓದಿದರು. “ಬಲಗಾಲಿನಲ್ಲಿ ಸ್ಪರ್ಶ ತಿಳಿಯುತ್ತದೆ…”

“ತಡೀರಿ ಡಾಕ್ಟ್ರೇ! ತಿಳಿಯಲ್ಲ. ಇವರು ಸುಮ್ನೆ ಹೂಂ ಅಂದಿದ್ದು!”

“ಅದಕ್ಕೇ ಓದೋದು. ಯಂತ್ರ ಹೂಂ ಅನ್ನೋದನ್ನ ನಂಬಿಬಿಡ್ತು,” ಎಂದು ತಿದ್ದಿದರು. “ಬಲಗಾಲಿನ ನರವೂ ಸೋತಿದೆ. ಆದ್ರೆ ಗಾಯ ಆಗಿಲ್ಲ. ಈ ಕಾಲನ್ನ ಉಳಿಸ್ಕೊಳ್ಳೋಣ. ಮುಚ್ಚಿದ ಬೂಟು ಹಾಕಿ, ದಿನಾ ಅಂಗಾಲು ನೋಡ್ಕೊಳ್ಳಿ.”

ಈಗ ಅಂಚೆಯಣ್ಣ ಕಚೇರಿಯೊಳಗೆ ಕೂತು ಕಾಗದ ವಿಂಗಡಿಸುತ್ತಾನೆ. ಬೀದಿಗಳಿಗೆ ಬೇರೆಯವರು ಹೋಗುತ್ತಾರೆ. ಅವನಿಗೆ ಅದು ಬೇಸರವೇ. ಟೈಲರಮ್ಮ ದಿನವೂ ಕೆಲಸ ಮುಗಿಸಿ ಬಂದು ಅವನ ಅಂಗಾಲಿನ ಮೇಲೆ ಬೆರಳಾಡಿಸಿ ನೋಡುತ್ತಾಳೆ. ಬಲಗಾಲಿನ ಬೆರಳುಗಳೆಲ್ಲ ಇವೆ. ಎಡಗಾಲಿನ ಖಾಲಿ ಜಾಗಕ್ಕೆ ಬಂದಾಗ ಅವಳ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಓದುವ ಅಕ್ಕ, ಅಣ್ಣ, ನಿಮ್ಮ ಡಾಕ್ಟರೂ ಇಂಥ ಯಂತ್ರ ಇಟ್ಟುಕೊಂಡಿರಬಹುದು. ಒಪ್ಪುವುದು, ಬಿಡುವುದು ನಿಮ್ಮ ಹಕ್ಕು. ಆದರೆ ಕೇಳದೆ ಬೇಡ ಅನ್ನಬೇಡಿ, ಕೇಳದೆ ಹೂಂ ಅನ್ನಲೂ ಬೇಡಿ. ಮಾತು ಎಲ್ಲಿಗೆ ಹೋಗುತ್ತದೆ, ಬರೆದದ್ದನ್ನು ಡಾಕ್ಟರು ಓದಿ ತಿದ್ದುತ್ತಾರೆಯೇ ಎಂದು ಕೇಳಿ. ಯಂತ್ರಕ್ಕೆ ಕಣ್ಣಿಲ್ಲ, ಕೈಯಿಂದ ತೋರಿಸುವುದನ್ನು ಬಾಯಿಬಿಟ್ಟೂ ಹೇಳಿ. ತಪ್ಪು ಬರೆದಿದ್ದರೆ ತಡೆಯಿರಿ. ಯಂತ್ರ ಬರೆದುಕೊಳ್ಳಲಿ, ಡಾಕ್ಟರು ನಿಮ್ಮನ್ನು ನೋಡಲಿ. ಮತ್ತೆ, ಚಪ್ಪಲಿ ಜಾರಿದ್ದರೆ ನಕ್ಕು ಸುಮ್ಮನಾಗಬೇಡಿ. ಅದನ್ನೂ ಹೇಳಿ.