ಶನಿವಾರದ ವಾರ್ಡನ್

ಹಾಸ್ಟೆಲ್ ತೋರಿಸು ಅಂದರೆ ನನ್ನ ಮಗಳು ಗೋಪುರ ತೋರಿಸುತ್ತಾಳೆ. ನೂರಾರು ವರ್ಷ ಹಳೆಯ ವಿಶ್ವವಿದ್ಯಾಲಯ, ಊರೇ ಅದರ ಅಂಗಳ. ಸವೆದ ಕಲ್ಲುಮೆಟ್ಟಿಲ ತುಂಬ ಪುಸ್ತಕ ಹರಡಿಕೊಂಡು ವಾದ ಮಾಡುವ ಹುಡುಗ ಹುಡುಗಿಯರು, ಯಾವುದೋ ಕಿಟಕಿಯಲ್ಲಿ ಪಿಟೀಲು ಕುಯ್ಯುವವರು, ಮೈಮೇಲೇ ಬರುವ ಸೈಕಲ್‌ಗಳು. ಚೆನ್ನಾಗಿಲ್ಲ ಅನ್ನುವುದಿಲ್ಲ. ಆದರೆ ನಾನು ಬಂದದ್ದು ಕಲ್ಲು ನೋಡುವುದಕ್ಕಲ್ಲ. ಇವಳು ಎಲ್ಲಿದ್ದಾಳೆ, ಯಾರ ಜೊತೆಗಿದ್ದಾಳೆ ಅಂತ ನೋಡಿ, ಸರಿಯಿಲ್ಲದಿದ್ದರೆ ಓದು ಬಿಡಿಸಿ ಕರೆದುಕೊಂಡು ಹೋಗುವುದಕ್ಕೆ.

ಹಾಸ್ಟೆಲಿಗೆ ಬಣ್ಣ ಹೊಡೆಯುತ್ತಿದ್ದಾರೆ ಅಂದಳು. ವಾರ್ಡನ್ ಊರಲ್ಲಿಲ್ಲ ಅಂದಳು. ನಾನು ಬರಿದೇ ಮುಖ ನೋಡಿದೆ, ಅಷ್ಟಕ್ಕೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು, ಬಣ್ಣದ ವಾಸನೆ ನಿನಗೆ ಆಗುವುದಿಲ್ಲವಲ್ಲಮ್ಮ ಅಂತ ಸೇರಿಸಿದಳು. ಒಂದು ಗಲ್ಲಿ ಹತ್ತಿರ ಬಂದಾಗಲೆಲ್ಲ ನನ್ನ ತೋಳು ಹಿಡಿದು ಬೇರೆ ಕಡೆ ತಿರುಗಿಸುತ್ತಿದ್ದಳು. ನನಗೇನು ಕಣ್ಣಿಲ್ಲವೇ?

ಆ ವಾರ್ಡನ್ ಇಲ್ಲದಿದ್ದರೆ ಇವಳನ್ನು ಎರಡು ವರ್ಷ ಇಲ್ಲಿ ಬಿಡುತ್ತಲೇ ಇರಲಿಲ್ಲ. ಪ್ರತಿ ಶನಿವಾರ ಮಗಳು ಕೊಟ್ಟ ನಂಬರಿಗೆ ಫೋನ್ ಮಾಡಿ ಅವರನ್ನೇ ಕೇಳುತ್ತಿದ್ದೆ: ಹೊತ್ತಿಗೆ ಬರುತ್ತಾಳಾ, ಉಣ್ಣುತ್ತಾಳಾ, ಓದುತ್ತಾಳಾ. ಗೊಗ್ಗರು ದನಿ, ತೂಕದ ಮಾತು. ಮದುವೆ ವಿಷಯ ಎತ್ತಬೇಡಿ, ಅಳುತ್ತಾಳೆ ಅಂತ ಒಮ್ಮೆ ಅಂದದ್ದಕ್ಕೆ ಆ ಮಾತನ್ನೇ ಕೈಬಿಟ್ಟಿದ್ದೆ.

ಮಗಳು ನನ್ನನ್ನು ಚೌಕದ ಬೆಂಚಿನಲ್ಲಿ ಕೂರಿಸಿ ಕ್ಲಾಸಿಗೆ ಹೋದಳು. ನಾನು ನೆಟ್ಟಗೆ ಆ ಗಲ್ಲಿಗೆ ಹೋದೆ. ಪ್ರಬಂಧಗಳಿಗೆ ರಟ್ಟು ಕಟ್ಟುವ ಒಂದು ಬೈಂಡಿಂಗ್ ಅಂಗಡಿ. ಒಳಗಿಂದ ಯಾರೋ ಹೆಂಗಸು, "ಒಂದ್ನಿಮಿಷ ಇರಿ, ಕೈಯೆಲ್ಲ ಗೋಂದು" ಅಂದಳು.

ನಾನು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಮುಖ ಮರೆತೇನು, ದನಿ ಮರೆಯುವವಳಲ್ಲ.

"ವಾರ್ಡನ್ ಅವರೇ" ಅಂದೆ.

ಅವಳ ಕೈ ನಿಂತಿತು. ನನಗೊಂದು ಸ್ಟೂಲು ಎಳೆದುಕೊಟ್ಟು ಎಲ್ಲ ಹೇಳಿದಳು. ಹಾಸ್ಟೆಲಿನಲ್ಲಿ ಮೊದಲಿನಿಂದಲೂ ಜಾಗ ಸಿಕ್ಕಿರಲಿಲ್ಲವಂತೆ. ಅಂಗಡಿ ಮೇಲಿನ ರೂಮಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ನನ್ನ ಮಗಳು. ಕ್ಲಾಸು ತಪ್ಪಿಸಿದವಳಲ್ಲ. ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಇದೇ ಹೆಂಗಸು.

ನನಗೆ ಮೈಯೆಲ್ಲ ಉರಿಯಿತು. ಇಬ್ಬರೂ ಸೇರಿ ಎರಡು ವರ್ಷ ನನಗೆ ಟೋಪಿ ಹಾಕಿದಿರಲ್ಲ ಅಂದೆ.

"ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಹೇಳಿದೋಳು ಮಾತ್ರ ಸುಳ್ಳು" ಅಂದಳು. "ಅದನ್ನೇ ನಿಮ್ಮ ಮಗಳು ಹೇಳಿದ್ರೆ ನೀವು ನಂಬ್ತಿದ್ರಾ?"

ನಂಬುತ್ತಿದ್ದೆ ಅನ್ನಲು ಬಾಯಿ ತೆರೆದೆ. ಅದು ಸುಳ್ಳಾಗುತ್ತಿತ್ತು. ನಾಚಿಕೆಯಾಯಿತು. ಹೆತ್ತ ಮಗಳ ಮಾತಿಗೆ ಇನ್ನೊಬ್ಬರ ಸಾಕ್ಷಿ ಬೇಡುವ ತಾಯಿ ನಾನು. ಮಗಳು ಇಲ್ಲೇ ಓದಲಿ, ಇನ್ನು ಮೇಲೆ ಏನಿದ್ದರೂ ಅವಳನ್ನೇ ಕೇಳುತ್ತೇನೆ ಅಂತ ಆ ಹೆಂಗಸಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಅಷ್ಟರಲ್ಲಿ ಮಗಳು ಹುಡುಕಿಕೊಂಡು ಬಂದಳು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಬಿಳಿಚಿಕೊಂಡು ಹೊಸ್ತಿಲಲ್ಲೇ ನಿಂತಳು. ನಾನು ಬೈಯಲಿಲ್ಲ. ಆದಷ್ಟು ಮೆತ್ತಗೆ, "ಊಟ ಆಯ್ತಾ?" ಅಂತ ಕೇಳಿದೆ.

"ಆಯ್ತಮ್ಮ" ಅಂದಳು.

ನಾನು ಬೈಂಡಿಂಗಿನವಳ ಕಡೆ ತಿರುಗಿದೆ, ಹೌದಾ ಅನ್ನುವಂತೆ. ಮಗಳು ಅದನ್ನು ನೋಡಿದಳು.