ಕಣ್ಣು ಮುಚ್ಚಿದ ನಾಲ್ಕು ನಿಮಿಷ

ಬಿಸಿಲು ಬಲಿಯುತ್ತಿದ್ದ ಕಾಲ. ಕೋಳಿಮರಿ ಮಾಡಿಸುವ ಹ್ಯಾಚರಿಯಲ್ಲಿ ಬೆಳಗಿನ ಆರಕ್ಕೇ ಕೆಲಸ ಶುರುವಾಗಿತ್ತು. ಮೊಟ್ಟೆ ಗಾಡಿ ಹಿಂದಕ್ಕೆ ಬಂದು ಬಾಗಿಲಿಗೆ ತಾಗಿ ನಿಂತಿತ್ತು. ಹೆಂಗಸರು ಬಿಳಿ ಟೋಪಿಯೊಳಗೆ ಕೂದಲು ತುರುಕಿ, ರಬ್ಬರ್ ಬೂಟು ಏರಿಸಿ, ಔಷಧಿ ನೀರಿನ ತೊಟ್ಟಿಯಲ್ಲಿ ಕಾಲದ್ದಿ ಒಳಗೆ ಹೋಗುತ್ತಿದ್ದರು. ಬಿರುಕು ಬಿಟ್ಟದ್ದು ಒಂದು ಬುಟ್ಟಿಗೆ, ಗಟ್ಟಿಯಾದದ್ದು ಟ್ರೇಗೆ. ಮೊಟ್ಟೆಗಳು ಹದಿನೆಂಟು ದಿನ ದೊಡ್ಡ ಕೋಣೆಯಲ್ಲಿ ಬೆಚ್ಚಗೆ ಮಲಗಿ, ಕೊನೆಯ ಮೂರು ದಿನಕ್ಕೆ ಹಿಂದಿನ ಕೋಣೆಗೆ ಬರುತ್ತವೆ. ಹಿಂದಿನ ಕೋಣೆ ಕಿವಿಯಕ್ಕನದು.

ಅವಳಿಗೆ ಆ ಹೆಸರು ಬಿದ್ದು ಹತ್ತೊಂಬತ್ತು ವರ್ಷವಾಗಿತ್ತು. ಯಂತ್ರ ಶಾಖ ಕೊಡುತ್ತದೆ, ತೇವ ಕೊಡುತ್ತದೆ. ಆದರೆ ಚಿಪ್ಪಿನೊಳಗಿನ ಮರಿ ಏನು ಮಾಡುತ್ತಿದೆ ಎಂದು ಯಂತ್ರಕ್ಕೆ ಗೊತ್ತಿಲ್ಲ. ಕಿವಿಯಕ್ಕ ಟ್ರೇ ಹೊರಗೆಳೆದು, ಅದರ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳುತ್ತಾಳೆ. ಮೊದಲು ಉಗುರಿನಿಂದ ತಟ್ಟಿದಂಥ ಸದ್ದು. ಆಮೇಲೆ ನೂಲಿನಷ್ಟು ತೆಳ್ಳಗಿನ ಚಿಂವ್. ಒಂದು ಟ್ರೇ ಗಲಾಟೆ ಮಾಡುತ್ತಿದ್ದು ಪಕ್ಕದ್ದು ಸುಮ್ಮನಿದ್ದರೆ ಇನ್ನಷ್ಟು ತೇವ ಬೇಕು. ಎಲ್ಲದರ ಸ್ವರವೂ ಒಂದೇ ಹದಕ್ಕೆ ಬಂದರೆ ಯಂತ್ರದ ಬಾಗಿಲು ತೆಗೆದು ಮರಿಗಳನ್ನು ಈಚೆ ಎತ್ತುವ ಹೊತ್ತು. ಬೇಗ ತೆಗೆದರೆ ಮರಿ ಒದ್ದೆ, ತಡ ಮಾಡಿದರೆ ಒಣಗಿ ಕಡ್ಡಿ. ಹಳೆಯ ಮ್ಯಾನೇಜರು ದಿನಾ ಬಾಗಿಲಲ್ಲಿ ತಲೆ ತೂರಿಸಿ, “ಏನಂತಾವಮ್ಮ ನಿನ್ನ ಮಕ್ಕಳು?” ಎಂದು ಕೇಳಿಕೊಂಡು ಹೋಗುತ್ತಿದ್ದರು.

ಹೊಸ ಮ್ಯಾನೇಜರು ಬಿಸ್ಕತ್ತು ಫ್ಯಾಕ್ಟರಿಯಿಂದ ಬಂದವರು. ಬಿಸ್ಕತ್ತು ಒಳಗಿನಿಂದ ಕೂಗುವುದಿಲ್ಲ. ಬಂದ ವಾರವೇ ನಾಲ್ಕು ಕಡೆ ಕ್ಯಾಮೆರಾ ಹಾಕಿಸಿ, ತಮ್ಮ ಕೋಣೆಯಲ್ಲಿ ಟೀವಿ ಇಟ್ಟುಕೊಂಡು, ಕುರ್ಚಿಯಿಂದ ಏಳುವ ಕೆಲಸವನ್ನೇ ತಪ್ಪಿಸಿಕೊಂಡಿದ್ದರು. ಎರಡನೆಯ ವಾರದ ಒಂದು ಮಧ್ಯಾಹ್ನ ಆ ಟೀವಿಯಲ್ಲಿ ಹಿಂದಿನ ಕೋಣೆ ಕಂಡಿತು. ಒಬ್ಬ ಹೆಂಗಸು ಟ್ರೇಯ ಮೇಲೆ ತಲೆ ಇಟ್ಟಿದ್ದಾಳೆ. ಕಣ್ಣು ಮುಚ್ಚಿದೆ. ಬಾಯಿ ಅರ್ಧ ತೆರೆದಿದೆ. ನಾಲ್ಕು ನಿಮಿಷ ಅಲ್ಲಾಡಲಿಲ್ಲ. ಮ್ಯಾನೇಜರೂ ಅಲ್ಲಾಡಲಿಲ್ಲ. ಮೂವತ್ತು ಹೆಜ್ಜೆ ನಡೆದು ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು.

ಸಂಜೆ ಗುಮಾಸ್ತ ಎರಡು ಹಾಳೆ ಹಿಡಿದುಕೊಂಡು ಬಂದ. ಮೊದಲನೆಯದು ಕೆಲಸದ ವೇಳೆಯಲ್ಲಿ ನಿದ್ದೆ ಮಾಡಿದ್ದಕ್ಕೆ ಸಸ್ಪೆಂಡ್ ಆರ್ಡರು. ಎರಡನೆಯದು ಟೈಪ್ ಮಾಡಿದ ಕ್ಷಮಾಪಣೆ ಪತ್ರ. ಹೆಸರಿನ ಜಾಗ ಮಾತ್ರ ಖಾಲಿ.

“ಅಕ್ಕ, ಇದಕ್ಕೊಂದು ಸಹಿ ಎಳೆದುಬಿಡಿ. ನಾಳೆಯಿಂದ್ಲೇ ಒಳಗೆ ಬರಬಹುದು. ಇಲ್ದಿದ್ರೆ ವಿಚಾರಣೆ. ಅದ್ರಲ್ಲಿ ತಪ್ಪು ಅಂತಾದ್ರೆ ಕೆಲಸವೇ ಹೋಯ್ತು,” ಎಂದ ಅವನು, ನೆಲ ನೋಡುತ್ತ.

ಅವಳು ಪತ್ರವನ್ನು ನಿಧಾನವಾಗಿ ಓದಿದಳು. ‘ಕೆಲಸದ ವೇಳೆ ಟ್ರೇಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದು ನನ್ನ ತಪ್ಪು. ಇನ್ನೆಂದೂ ಹೀಗೆ ಮಾಡುವುದಿಲ್ಲ.’

“ಇನ್ನೆಂದೂ ಮಾಡಲ್ಲ ಅಂತ ಬರೆದುಕೊಟ್ಟು ಒಳಗೆ ಹೋಗಿ ಏನ್ ಮಾಡ್ಲಪ್ಪ? ಕುಣೀಲಾ?”

“ಅಯ್ಯೋ, ಸಹಿ ಹಾಕಿ, ಆಮೇಲೆ ನಿಮ್ಮಷ್ಟಕ್ಕೆ ನೀವು ಕೇಳಿಸ್ಕೊಳ್ಳಿ.”

“ಆಗ ಅದೇ ಕಾಗದ ತೋರಿಸಿ ಕತ್ತು ಹಿಡಿದು ಆಚೆ ಹಾಕ್ತಾರೆ. ನನಗೇನು ಅಷ್ಟೂ ತಿಳಿಯಲ್ವಾ?”

ಪತ್ರವನ್ನು ನಾಲ್ಕಾಗಿ ಮಡಿಸಿ ಕುಪ್ಪಸಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದಳು. ಗಂಡನಿಗೆ ರಸ್ತೆ ಬದಿಯಲ್ಲಿ ಪಂಕ್ಚರ್ ಅಂಗಡಿ. ವಿಷಯ ಕೇಳಿ ಅವನು ಕೈಯ ಗ್ರೀಸು ಒರೆಸಿಕೊಂಡ.

“ನಾನೂ ಟ್ಯೂಬನ್ನ ಕಿವಿ ಹತ್ರ ಹಿಡ್ಕೊಂಡೇ ಗಾಳಿ ಎಲ್ಲಿ ಸೋರುತ್ತೆ ಅಂತ ಹುಡುಕೋದು. ನನ್ನನ್ನ ಯಾರೂ ಸಸ್ಪೆಂಡ್ ಮಾಡಿಲ್ಲಪ್ಪ.”

“ನಿಮ್ಮನ್ನ ಮಾಡ್ಬೇಕಾದೋಳು ನಾನು. ಸುಮ್ನಿರಿ.”

“ತಮಾಷೆ ಸಾಕು. ಈ ಸುತ್ತಮುತ್ತ ಇರೋದು ಅದೊಂದೇ ಹ್ಯಾಚರಿ ಕಣೇ. ಹಾಕಿ ಬಿಸಾಕು ಸಹಿನ.”

ಅವಳು ಪತ್ರವನ್ನು ಕುಪ್ಪಸದಿಂದ ಹೊರಗೆ ತೆಗೆಯಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಈ ಊರಲ್ಲಿ ಬೇರೆ ಯಾರಿಗೆ ಬೇಕು ಅವಳ ಕಿವಿ?

ಸಸ್ಪೆಂಡ್ ಆದವರು ದಿನಾ ಒಂಬತ್ತಕ್ಕೆ ಬಂದು ಗೇಟಿನ ಪುಸ್ತಕದಲ್ಲಿ ಸಹಿ ಮಾಡಬೇಕು, ಒಳಗೆ ಕಾಲಿಡಬಾರದು, ಕಂಪನಿಯ ಸಾಮಾನು ಮುಟ್ಟಬಾರದು ಎಂದು ಆರ್ಡರಿನಲ್ಲಿತ್ತು. ಅವಳು ಸಹಿ ಮಾಡಿ ಕಾವಲಿನ ತಾತನ ಬೆಂಚಿನ ಮೇಲೆ ಕೂರುತ್ತಿದ್ದಳು. ಮೂರನೆಯ ದಿನ ಮ್ಯಾನೇಜರು ಹಿಂದಿನ ಕೋಣೆಯ ಯಂತ್ರದ ಬಾಗಿಲನ್ನು ಗಡಿಯಾರ ನೋಡಿ ತೆಗೆಸಿದರು. ಅರ್ಧಕ್ಕರ್ಧ ಮರಿಗಳು ಮಳೆಯಲ್ಲಿ ನೆನೆದ ಹತ್ತಿಯ ಹಾಗೆ ಬಿದ್ದಿದ್ದವು. ಮುಂದಿನ ಸರದಿಯ ಮೊಟ್ಟೆಗಳು ಒಡೆಯುವ ಹೊತ್ತಿಗೆ, ಅವಳ ಜೊತೆ ಕೆಲಸ ಮಾಡುವ ಉದ್ದ ಜಡೆಯವಳು ಟೋಪಿಯಲ್ಲಿ ಒಂದು ಮೊಟ್ಟೆ ಸುತ್ತಿಕೊಂಡು ಗೇಟಿಗೆ ಓಡಿಬಂದಳು.

“ಅಕ್ಕ, ಸ್ವಲ್ಪ ಕೇಳಿ ಹೇಳು. ನಮ್ಮ ಕಿವಿಗೆ ಫ್ಯಾನ್ ಬಿಟ್ರೆ ಏನೂ ಕೇಳಲ್ಲ.”

“ಮುಟ್ಟೋ ಹಾಗಿಲ್ಲ ಕಣೇ. ಕಂಪನಿ ಸಾಮಾನು.”

ಕಾವಲಿನ ತಾತ ಆರ್ಡರನ್ನು ಕಣ್ಣಿಗೆ ಹತ್ತಿರ ಹಿಡಿದು, ಕೊನೆಯ ಸಾಲಿನವರೆಗೂ ಬೆರಳಾಡಿಸಿ ತೀರ್ಪು ಕೊಟ್ಟ. “ಮುಟ್ಟಬಾರದು ಅಂತಿದೆ. ಕೇಳಿಸ್ಕೋಬಾರದು ಅಂತ ಇಲ್ಲ. ನೀ ಹಿಡ್ಕೊಳಮ್ಮ, ಆಯಮ್ಮ ಕಿವಿ ಕೊಡಲಿ.”

ಕಿವಿಯಕ್ಕ ಕಣ್ಣು ಮುಚ್ಚಿದಳು. “ಇನ್ನೂ ಮೂರು ಗಂಟೆ ಹಿಡಿಯುತ್ತೆ. ಅಷ್ಟರಲ್ಲಿ ಬಾಗಿಲು ತೆಗೆದ್ರೆ ನಿಮ್ಮ ಕೈ ಮುರೀತೀನಿ. ಈಗಲ್ಲ, ಸಸ್ಪೆನ್ಶನ್ ಮುಗಿದ ಮೇಲೆ.”

ಆ ಸರದಿ ಹದವಾಗಿ ಬಂತು. ಮ್ಯಾನೇಜರು, “ನೋಡಿದ್ರಾ, ಶಿಸ್ತು!” ಎಂದು ಗುಮಾಸ್ತನ ಮುಂದೆ ಟೀವಿ ತಟ್ಟಿದರು. ಮುಂದಿನ ಎರಡು ಸರದಿಯಲ್ಲೂ ಹೀಗೇ ಒಂದೊಂದು ಮೊಟ್ಟೆ ಗೇಟಿಗೆ ಬಂತು. ಹೊರಗೆ ಬಂದ ಮೊಟ್ಟೆ ಮತ್ತೆ ಒಳಗೆ ಹೋಗುವಂತಿಲ್ಲ. ಹಾಗಾಗಿ ವಿಚಾರಣೆಯ ದಿನದ ಹೊತ್ತಿಗೆ ತಾತನ ಕಾವಲು ಗೂಡಿನ ಬಲ್ಬಿನ ಕೆಳಗೆ ಮೂರು ಮರಿಗಳು ಸಂಸಾರ ಹೂಡಿದ್ದವು.

ವಿಚಾರಣೆ ನಡೆಸಲು ಕಂಪನಿಯವರು ಒಬ್ಬ ಮುದಿ ವಕೀಲರನ್ನು ಕರೆಸಿದ್ದರು. ಮ್ಯಾನೇಜರು ಟೀವಿಯಲ್ಲಿ ನಾಲ್ಕು ನಿಮಿಷವನ್ನು ಎರಡು ಸಲ ತೋರಿಸಿದರು.

“ಇದು ನಿದ್ದೆ ಅಂತ ಹೇಗೆ ಹೇಳ್ತೀರಿ?” ಎಂದು ವಕೀಲರು ಕೇಳಿದರು.

“ಕಣ್ಣು ಮುಚ್ಚಿದೆ ಸಾರ್. ಬಾಯಿ ತೆರೆದಿದೆ.”

“ಹಲ್ಲಿನ ಡಾಕ್ಟರ ಹತ್ರ ನಾನೂ ಹಂಗೇ ಇರ್ತೀನಿ. ಒಂದಿನವೂ ನಿದ್ದೆ ಬಂದಿಲ್ಲ. ನೀನೇನಮ್ಮ ಹೇಳ್ತೀಯ?”

“ಇಲ್ಲಿ ಕೂತು ಹೇಳಿದ್ರೆ ತಿಳಿಯಲ್ಲ ಸ್ವಾಮಿ. ಇವತ್ತು ಹಿಂದಿನ ಕೋಣೆಯಲ್ಲಿ ಇಪ್ಪತ್ತನೇ ದಿನದ ಮೊಟ್ಟೆ ಇದೆ. ಒಳಗೆ ಬನ್ನಿ.”

ಮ್ಯಾನೇಜರು ಅಡ್ಡ ಬಂದರು. “ಸಸ್ಪೆಂಡ್ ಆದವಳು ಒಳಗೆ ಬರೋ ಹಾಗಿಲ್ಲ.”

“ನಾನು ಕರ್ಕೊಂಡು ಹೋಗ್ತಿದೀನಿ,” ಎಂದರು ವಕೀಲರು. “ಬೂಟು ಎಲ್ಲಿದೆ?”

ಎಲ್ಲರೂ ಟೋಪಿ ಹಾಕಿಕೊಂಡರು. ಮ್ಯಾನೇಜರಿಗೆ ಸಿಕ್ಕಿದ್ದು ದೊಡ್ಡ ಅಳತೆಯ ಬೂಟು. ಹೆಜ್ಜೆ ಹೆಜ್ಜೆಗೂ ಅದು ಚಪ್ ಚಪ್ ಎಂದು ಅವರನ್ನೇ ಅಣಕಿಸಿತು. ಕಿವಿಯಕ್ಕ ಕೈ ಹಿಂದೆ ಕಟ್ಟಿ ನಿಂತಳು. ಉದ್ದ ಜಡೆಯವಳು ಟ್ರೇ ಎಳೆದು ಹಿಡಿದಳು.

“ಆರೋಪ ಮಾಡಿದೋರು ನೀವು. ನೀವೇ ಕೇಳಿ,” ಎಂದು ವಕೀಲರು ಮ್ಯಾನೇಜರಿಗೆ ಹೇಳಿ, ಕೈಗಡಿಯಾರ ನೋಡಿಕೊಂಡರು.

ಮ್ಯಾನೇಜರು ಬಗ್ಗಿ ಕಿವಿ ಇಟ್ಟರು. “ಏನೂ ಇಲ್ಲ. ಬರೀ ಫ್ಯಾನು.”

“ಕಣ್ಣು ಬಿಟ್ಕೊಂಡಿದ್ರೆ ಕಣ್ಣೇ ಎಲ್ಲ ಕೆಲಸ ಮಾಡುತ್ತೆ ಸಾರ್. ಮುಚ್ಚಿ,” ಎಂದಳು ಕಿವಿಯಕ್ಕ. “ಹಲ್ಲು ಕಚ್ಚಬೇಡಿ. ಬಾಯಿ ಸ್ವಲ್ಪ ಸಡಿಲ ಬಿಡಿ.”

ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿಯೇ ಇತ್ತು. ಆಮೇಲೆ ಗಂಟು ಬಿಚ್ಚಿತು. ಕೆಳದುಟಿ ಜೋತುಬಿತ್ತು. ತಲೆ ಇನ್ನಷ್ಟು ಒರಗಿತು. ಯಾರೋ ಕೆಮ್ಮಿದರೆ ಕೈ ಎತ್ತಿ ಸುಮ್ಮನಿರಿ ಎಂದರು. ಏಳುವ ಲಕ್ಷಣವೇ ಇಲ್ಲ. ಮೂಲೆಯ ಕ್ಯಾಮೆರಾ ಮಿಟುಕದೆ ನೋಡುತ್ತಿತ್ತು.

ಕೊನೆಗೆ ಎದ್ದು, “ಒಂದು ಉತ್ತರ ಕೊಡ್ತು,” ಎಂದರು, ಯಾರಿಗೆಂದು ಗೊತ್ತಿಲ್ಲದೆ. “ಆ ಕಡೆಯದು ಕೂಗಿತು, ಈ ಕಡೆಯದು ಉತ್ತರ ಕೊಡ್ತು.”

“ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು,” ಎಂದರು ವಕೀಲರು. “ಆಯಮ್ಮನದು ನಾಲ್ಕೇ ನಿಮಿಷ. ಈಗ ನಾನು ಯಾರ ಮೇಲೆ ಬರೀಲಿ?”

ಮರುದಿನವೇ ಸಸ್ಪೆನ್ಶನ್ ವಾಪಸಾಯಿತು. ಆರ್ಡರಿನಲ್ಲಿ ‘ಕರುಣೆಯ ಮೇರೆಗೆ’ ಎಂದಿತ್ತು. ಕಿವಿಯಕ್ಕ ಆ ಮಾತನ್ನು ಎರಡು ಸಲ ಓದಿ, ನೇರ ಮ್ಯಾನೇಜರ ಕೋಣೆಗೆ ಹೋಗಿ, ಕುಪ್ಪಸದಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಟ್ರೇಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದು ನನ್ನ ತಪ್ಪು. ಹೆಸರಿನ ಜಾಗ ಹಾಗೇ ಖಾಲಿ ಇತ್ತು.

“ನೀವೇ ಬರೆಸಿದ್ದು ಸಾರ್. ಒಂದಕ್ಷರ ಬದಲಾಯಿಸೋದು ಬೇಡ. ನಿಮ್ಮ ಹೆಸರು ಹಾಕಿ ಕೊಟ್ಬಿಡಿ.”

ಮ್ಯಾನೇಜರು ಪೆನ್ನು ತೆಗೆದುಕೊಂಡರು, ಮುಚ್ಚಳ ತೆಗೆದರು, ಮತ್ತೆ ಹಾಕಿದರು. “ಆಮೇಲೆ ನೋಡೋಣ ಬಿಡಮ್ಮ.”

“ಆಯ್ತು. ನನಗೇನು ಅವಸರ ಇಲ್ಲ.”

ಅವಳು ಆ ಕಾಗದವನ್ನು ಹಿಂದಿನ ಕೋಣೆಯ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿ, ಜೊತೆಗೊಂದು ಪೆನ್ನನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಳು. ಅಲ್ಲಿಂದ ಮುಂದೆ ಇಪ್ಪತ್ತನೆಯ ದಿನ ಬಂದಾಗಲೆಲ್ಲ ಮ್ಯಾನೇಜರು ಯಾವುದೋ ನೆಪ ಹೇಳಿಕೊಂಡು ಹಿಂದಿನ ಕೋಣೆಗೆ ಬರುತ್ತಾರೆ. ಮೊದಲು ಕ್ಯಾಮೆರಾದ ಮೇಲೆ ಕರ್ಚೀಫು ಹಾಕುತ್ತಾರೆ, ಆಮೇಲೆ ಟ್ರೇಗೆ ಕಿವಿ ಕೊಡುತ್ತಾರೆ. ಹೋಗುವಾಗ ಕಿವಿಯಕ್ಕ ತಲೆ ಎತ್ತದೆಯೇ, “ಸಾರ್, ಪೆನ್ನು ಅಲ್ಲೇ ಇದೆ,” ಎನ್ನುತ್ತಾಳೆ.

ಎರಡು ಸಲ ಶಾಯಿ ಒಣಗಿ, ಅವಳೇ ಪೆನ್ನು ಬದಲಾಯಿಸಿದ್ದಾಳೆ. ಹೆಸರಿನ ಜಾಗ ಇನ್ನೂ ಖಾಲಿ.