ಮುಳ್ಳು ಮೊದಲು, ತೇಪೆ ಆಮೇಲೆ

‘ಇಳಿ, ಇಳಿ. ಮುಂದಿನ ಗಾಲಿ ಕೂತೈತಿ,’ ಎನ್ನುತ್ತ ಹುಲಿಗೇಶ ಬೈಕನ್ನು ರಸ್ತೆಯ ಅಂಚಿಗೆ ಎಳೆದ.

ಹಿಂದೆ ಕೂತಿದ್ದ ಹೆಂಡತಿ ಅನಿತಾ ಇಳಿದಳು. ಎದೆಗೆ ಅವುಚಿಕೊಂಡಿದ್ದ ಚೀಲವನ್ನು ಮಾತ್ರ ಬಿಡಲಿಲ್ಲ. ಅದರಲ್ಲಿ ಸಿರುಗುಪ್ಪದ ಅಂಗಡಿಯಲ್ಲಿ ಕೊಂಡ ಹೊಸ ಪಂಚೆ ಇತ್ತು, ಅಪ್ಪನ ಹೆಣಕ್ಕೆ ಹೊದಿಸಲು. ಅವರ ಪೈಕಿಯಲ್ಲಿ ಮಗಳ ಮನೆಯ ಬಟ್ಟೆ ಬಿದ್ದ ಮೇಲೆಯೇ ಹೆಣ ಎತ್ತುವುದು. ಅಳಿಯ ಹೊದಿಸಬೇಕು, ಮಗಳು ಒಂದು ಅಂಚು ಹಿಡಿಯಬೇಕು. ಅಪ್ಪ ಮೂಕಪ್ಪನಿಗೆ ಇದ್ದದ್ದು ಇವಳೊಬ್ಬಳೇ ಮಗಳು.

ಗಂಡನ ಊರು ಹಚ್ಚೊಳ್ಳಿಗೆ ಬೆಳಿಗ್ಗೆಯೇ ಸುದ್ದಿ ಮುಟ್ಟಿತ್ತು. ಆದರೆ ಹುಲಿಗೇಶ ಯಾರದೋ ಟ್ರ್ಯಾಕ್ಟರ್ ಹೊಡೆಯಲು ದೂರದ ಹೊಲಕ್ಕೆ ಹೋಗಿದ್ದ. ಇಂಜಿನ್ನಿನ ಸದ್ದಿನಲ್ಲಿ ಫೋನು ಕೇಳಿರಲಿಲ್ಲ. ಅವನು ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ತೆಕ್ಕಲಕೋಟೆ ದಾಟಿ ತವರೂರು ಕುರುಗೋಡಿನ ದಾರಿಗೆ ಹೊರಳಿದ ಮೇಲೆ ಇನ್ನೇನು ಮುಟ್ಟಿದೆವು ಅಂದುಕೊಂಡಿದ್ದಳು. ಈಗ ನೋಡಿದರೆ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಭತ್ತದ ಗದ್ದೆ, ದಂಡೆಯ ಉದ್ದಕ್ಕೂ ಬಳ್ಳಾರಿ ಜಾಲಿ. ಊರಿನ ಹೆಸರು ಹೊತ್ತ ಆ ಗಿಡಕ್ಕೆ ಊರವರ ಮೇಲೆ ಅದೇನು ಸಿಟ್ಟೋ, ಕಡಿದು ಒಣಗಿಸಿದ ಮೇಲೂ ಗಾಲಿ ಕಂಡರೆ ಬಿಡುವುದಿಲ್ಲ.

ಫೋನು ಬಡಿದುಕೊಂಡಿತು. ಚಿಕ್ಕಪ್ಪ ಎರ್ರಣ್ಣ.

‘ಎಲ್ಲಿದೀಯವ್ವ?’

‘ಬರಾಕತ್ತೀವಿ ಚಿಕ್ಕಪ್ಪ.’

‘ಬಿಸ್ಲು ನೋಡೀದಿ? ಹೆಣ ತಡಿಯಂಗಿಲ್ಲ. ನಾಳೆ ಅಮಾಸಿ, ಇಟ್ಕೊಳಾಕ ಬರಂಗಿಲ್ಲ. ಹೊತ್ತು ಮುಳುಗೋದ್ರಾಗ ಮಣ್ಣು ಆಗ್ಬೇಕು. ನಿಮ್ಮವ್ವ ಮಗಳು ಬರ್ಲಿ, ಮಗಳು ಬರ್ಲಿ ಅಂತ ಒಂದೇ ಹಟ ಹಿಡಿದಾಳ.’

‘ಹಿಡಿದಿಡ್ರಿ ಚಿಕ್ಕಪ್ಪ. ಮುಖ ಒಂದು ನೋಡ್ತೀನಿ,’ ಎಂದಳು. ಪಂಚರ್ ಆದ ಮಾತು ಹೇಳಲಿಲ್ಲ.

ಹುಲಿಗೇಶ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ತಲೆ ಕೆರೆದುಕೊಂಡ. ಟ್ರ್ಯಾಕ್ಟರ್ ಓಡಿಸಿದರೆ ನೆಟ್ಟಗೆ ಸಾಲು ಹೊಡೆಯುವವನು, ಪಾನಾ ಕೈಗೆ ಕೊಟ್ಟರೆ ಎಡಗೈ ಬಲಗೈ ತಿಳಿಯದವನು. ಅನಿತಾ ಚೀಲವನ್ನು ಅವನ ಕೈಗಿಟ್ಟು ಗಾಡಿಯ ಪಕ್ಕದ ಡಬ್ಬಿ ತೆರೆದಳು. ಎಲ್ಲವೂ ಅಪ್ಪ ತನ್ನ ಗಾಡಿ ಕೊಡುವಾಗ ಇಟ್ಟ ಹಾಗೇ ಇತ್ತು: ಟೈರ್ ಕೀಳುವ ಎರಡು ಕಬ್ಬಿಣದ ಪಟ್ಟಿ, ಸೈಕಲ್ಲಿನ ಪಂಪು, ಉಪ್ಪುಕಾಗದ, ಹೊಟ್ಟೆ ಒಳಗೆ ಹೋದ, ತೇಪೆ ಅಂಟಿಸುವ ಸಲೂಷನ್ ಟ್ಯೂಬು, ತೇಪೆಗೆಂದು ಸುತ್ತಿಟ್ಟ ಹಳೆಯ ಟ್ಯೂಬಿನ ತುಂಡು.

*

ಹೆಸರು ಮೂಕಪ್ಪ, ಬಾಯಿ ಮಾತ್ರ ಸಂತೆ. ಬಳ್ಳಾರಿಯ ಕಾರ್ಖಾನೆಗಳಿಂದ ಕತ್ತರಿಸಿದ ಜೀನ್ಸ್ ಬಟ್ಟೆಯ ಗಂಟುಗಳನ್ನು ಗಾಡಿಯ ಮೇಲೆ ಹೇರಿಕೊಂಡು ಕುರುಗೋಡು, ಸುತ್ತಲ ಹಳ್ಳಿಗಳ ಮನೆಮನೆಗೆ ಹಂಚುವುದು, ಹೆಂಗಸರು ಹೊಲಿದಿಟ್ಟ ಪ್ಯಾಂಟುಗಳನ್ನು ಮತ್ತೆ ಹೇರಿಕೊಂಡು ಬಳ್ಳಾರಿಗೆ ಒಯ್ಯುವುದು, ಇದು ಅವನ ಕೆಲಸ. ಹಿಂದಿನಿಂದ ನೋಡಿದರೆ ಗಂಟೇ ಗಾಡಿ ಓಡಿಸುತ್ತಿದೆ ಅನ್ನಿಸುತ್ತಿತ್ತು. ಅಷ್ಟು ಭಾರಕ್ಕೆ ಟ್ಯೂಬು ತಡೆಯುವುದುಂಟೇ. ವಾರಕ್ಕೊಮ್ಮೆಯಾದರೂ ಬಾಗಿಲ ಮುಂದೆ ಗಾಲಿ ಬಿಚ್ಚಿ ಕೂರುತ್ತಿದ್ದ.

ಪಂಚರ್ ಅಂಗಡಿಗೆ ಹೋದವನಲ್ಲ. ‘ಹರಿದ ಟ್ಯೂಬಿಗೆ ಟ್ಯೂಬಿನ್ದ ತೇಪಿ. ಹಳೇದು ಮನ್ಯಾಗ ಇರಬೇಕಾದ್ರ ಹೊಸಾದು ಯಾಕ?’ ಎನ್ನುತ್ತಿದ್ದ. ಬೋಗುಣಿಯ ನೀರಿನಲ್ಲಿ ಟ್ಯೂಬು ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವ ಕೆಲಸ ಅನಿತಾಳದು. ಗುಳ್ಳೆ ಕಂಡ ಕೂಡಲೇ ಅವಳು ತೇಪೆ ಕತ್ತರಿಸಲು ಓಡುವಳು. ಮೂಕಪ್ಪ ಜಡೆ ಹಿಡಿದು ಕೂರಿಸುವನು.

‘ಎಲ್ಲಿಗೆ ಓಡ್ತಿ? ಮುಳ್ಳು ಮೊದ್ಲು, ತೇಪಿ ಆಮ್ಯಾಲ. ಟೈರಿನೊಳಗ ಕೈಯಾಡ್ಸು. ತೂತು ಮಾಡಿದ್ದು ಒಳಗ ಕುಂತಿರ್ತೈತಿ. ಅದನ್ನ ಬಿಟ್ಟು ನೀನು ನೂರು ತೇಪಿ ಹಾಕಿದ್ರೂ ಅಷ್ಟ.’

ಅವ್ವ ಎಲ್ಲಮ್ಮ ಒಳಗಿಂದ ಗೊಣಗುವಳು: ‘ಹೆಣ್ಣುಡುಗಿಗೆ ಇದೊಂದು ಕಲಿಸೋದು ಬಾಕಿ ಇತ್ತು ನೋಡು.’

‘ನಾಳಿಗೆ ನಡು ದಾರ್‍ಯಾಗ ನಿಂತ್ರ ನೀನು ಹೋಗ್ತೀಯೇನ?’ ಎಂದು ಮೂಕಪ್ಪ ನಗುವನು.

*

ಅವಳು ಟೈರಿನ ಅಂಚು ಎಬ್ಬಿಸುತ್ತಿರುವಾಗ ಒಂದು ಟಂಟಂ ಆಟೋ ಬಂದು ನಿಂತಿತು. ಒಳಗೆ ಹೆಂಗಸರು ಒಬ್ಬರ ಮೇಲೊಬ್ಬರು ಕೂತಿದ್ದರು. ಮುಂದೆ ಇದ್ದವಳು ಜೋಗಮ್ಮ. ಹತ್ತಿರದ ಹಳ್ಳಿಯವಳು, ಮೂಕಪ್ಪ ತಂದುಕೊಟ್ಟ ಬಟ್ಟೆ ಹೊಲಿದೇ ಮೂರು ಮಕ್ಕಳನ್ನು ಸಾಕಿದವಳು.

‘ಅಯ್ಯೋ ತಲ್ಲೀ, ಇಲ್ಲೇ ಅದೀಯೇನ? ನಾವೂ ಮಣ್ಣಿಗೇ ಹೊಂಟೀವಿ. ಬಾ, ನನ್ನ ತೊಡಿ ಮ್ಯಾಲ ಕುಂದ್ರು.’

‘ಇವ್ರಿಗೆ ಜಾಗ ಐತೇನ?’ ಎಂದು ಅನಿತಾ ಗಂಡನನ್ನು ತೋರಿಸಿದಳು.

ಡ್ರೈವರು ತಲೆಯಾಡಿಸಿದ. ‘ಒಬ್ರಿಗೇ ಕಷ್ಟ ಐತಿ.’

‘ನೀ ಹೋಗು,’ ಎಂದ ಹುಲಿಗೇಶ. ‘ನಾ ಹೆಂಗರ ಬರ್ತೀನಿ.’

‘ಬಟ್ಟಿ ಹೊದಿಸೋರು ಯಾರು? ಅಳಿಯ ಇಲ್ದ ಎತ್ತಾಕಾಗ್ತೈತೇನ? ಐದು ನಿಮಿಷದ ಕೆಲ್ಸ, ನಂಗೆ ಬರ್ತೈತಿ. ಗಾಡಿ ಇಲ್ಲೇ ಬಿಟ್ರ ನಮ್ಮಪ್ಪ…’ ಎಂದವಳು ಅಲ್ಲಿಗೇ ನಿಲ್ಲಿಸಿದಳು.

‘ಬಿಟ್ಟಿರ್ತಿದ್ನೇನ ಅವ?’ ಎಂದು ಹಿಂದಿನಿಂದ ಒಬ್ಬ ಮುದುಕಿ ಮೂಗು ಸೀಟಿದಳು. ‘ಮಳಿ ಬಂದ್ರ ತಾನು ತೋಯಿಸ್ಕೊಂಡು ಗಾಡಿಗೆ ಪ್ಲಾಸ್ಟಿಕ್ ಹಾಳಿ ಹೊದಿಸ್ತಿದ್ದ.’

‘ಗಾಡಿಗಲ್ಲ, ಗಂಟಿಗೆ,’ ಎಂದಳು ಜೋಗಮ್ಮ. ‘ಬಟ್ಟಿ ತೋಯ್ದ್ರ ನಮ್ಮ ಕೂಲಿ ಮುರೀತಾರಂತ. ನಿಂಗೆ ಗಾಡಿ ಕೊಟ್ಟ ಮ್ಯಾಲ ಗಂಟು ಹೊತ್ಕೊಂಡು ಬಸ್ಸಿಗೆ ಬರ್ತಿದ್ದ ಕಣವ್ವ. ಕೇಳಿದ್ರ, ಬಸ್ಸಿಗೆ ಪಂಚರ್ ಆದ್ರ ಸರಕಾರ ಹಾಕ್ತೈತಿ, ನಂಗೇನು ಚಿಂತಿ ಅಂತಿದ್ದ. ಮೊನ್ನಿ ಬಳ್ಳಾರಿಂದ ಬಂದಾಗ ಹೊಸಾ ಟ್ಯೂಬು ತೋರಿಸ್ದ. ಮಗಳ ಗಾಡಿಗೆ, ಯುಗಾದಿಗೆ ಬಂದಾಗ ಹಾಕ್ತೀನಿ ಅಂದ. ಮನ್ಯಾಗ ಮೊಳಿಗೆ ತೂಗುಹಾಕಿದ್ದ.’

ಟಂಟಂ ಹೊರಟು ಹೋಯಿತು. ಅನಿತಾಳಿಗೆ ಕಣ್ಣು ಮಂಜಾಯಿತು. ಹುಟ್ಟಿದಾಗಿನಿಂದ ಹೊಸ ಟ್ಯೂಬು ಕೊಳ್ಳದ ಮನುಷ್ಯ ಅವಳಿಗಾಗಿ ಕೊಂಡಿದ್ದ, ಅದು ಆ ಮನೆಯಲ್ಲಿ ಮೊಳೆಗೆ ತೂಗುತ್ತಿತ್ತು. ಅಲ್ಲಿಯವರೆಗೆ ಈ ಹಳೆಯದು ತಡೆದರೆ ಸಾಕು ಎಂದು ಅವಳ ಜೀವ ಬಡಿದುಕೊಂಡಿತು.

ಟ್ಯೂಬು ಹೊರಗೆಳೆದು ಗಾಳಿ ತುಂಬಿ ಗದ್ದೆಯ ನೀರಿಗೆ ಒತ್ತಿದಳು. ಗುಳ್ಳೆ ಎದ್ದಿತು. ಒರೆಸಿ, ಉಜ್ಜಿ, ಸಲೂಷನ್ ಹಿಂಡಿ, ತೇಪೆ ಒತ್ತಿದಳು. ಅಪ್ಪನ ಹಾಗೇ ಊದಿ ಊದಿ ಆರಿಸಿದಳು. ಇನ್ನು ಟೈರಿನೊಳಗೆ ಕೈಯಿಟ್ಟಳು. ಆಗ ಫೋನು ಬಡಿದುಕೊಂಡಿತು. ಹುಲಿಗೇಶ ಎತ್ತಿ ಅವಳ ಕಿವಿಗೆ ಹಿಡಿದ.

‘ಬಂದ್ಯೇನವ್ವ?’ ತಾಯಿಯ ದನಿ ಬಿದ್ದುಹೋಗಿತ್ತು. ‘ಸ್ನಾನ ಮಾಡಿಸ್ಯಾರ. ಕುಂದ್ರಿಸ್ಯಾರ. ಬಾಗ್ಲ ಕಡೀಗೆ ಮುಖ ಮಾಡಿ ಕುಂತಾನ ನೋಡವ್ವ, ನಿನ್ನ ದಾರಿ ನೋಡ್ದಂಗ.’

‘ಬಂದೆ ಯವ್ವ, ಬಂದೆ,’ ಎಂದವಳೇ ಕೈ ಹೊರಗೆಳೆದು ಟ್ಯೂಬನ್ನು ಒಳಗೆ ತುರುಕಿದಳು. ಹುಲಿಗೇಶ ಪಂಪು ಹೊಡೆದ. ಗಾಲಿ ಗಟ್ಟಿಯಾಯಿತು. ಅವಳಿಗೆ ಅಳುವಿನ ನಡುವೆಯೂ ಒಂದು ಹೆಮ್ಮೆ ಬಂತು, ಅಪ್ಪನಿಗೆ ಹೇಳಬೇಕು ಅನ್ನಿಸಿತು.

*

ಮದುವೆಯ ಮರುದಿನ ಮೂಕಪ್ಪ ಗಾಡಿಯನ್ನು ತೊಳೆದು, ಹ್ಯಾಂಡಲ್ಲಿಗೆ ಹೂ ಸುತ್ತಿ ಅಳಿಯನ ಮುಂದೆ ನಿಲ್ಲಿಸಿದ್ದ. ಹುಲಿಗೇಶನ ಕಡೆಯವರು ಹಳೇ ಗಾಡಿ ಎಂದು ಮೂಗು ಮುರಿದರು. ಮೂಕಪ್ಪ ಅದನ್ನು ಕೇಳಿಸಿಕೊಂಡ, ಕೇಳಿಸಿಕೊಳ್ಳದವನ ಹಾಗೆ ನಕ್ಕ.

‘ಇದರ ಹೊಟ್ಟಿ ತುಂಬ ನನ್ನ ತೇಪಿ ಅದಾವು, ಅಳಿಯಂದ್ರ. ಒಂದೂ ಬಿಚ್ಚಿಲ್ಲ.’

ಆಮೇಲೆ ಹಚ್ಚೊಳ್ಳಿಗೆ ಬಂದಾಗಲೆಲ್ಲ ಕೈಕಾಲು ತೊಳೆಯುವ ಮೊದಲು ಗಾಲಿ ಒತ್ತಿ ನೋಡುವನು. ಸಂಕ್ರಾಂತಿಗೆ ಬಂದಾಗ ಒತ್ತಿ, ಬಿಟ್ಟು, ಮತ್ತೆ ಒತ್ತಿದ. ಕೊನೆಗೆ, ‘ತೇಪಿ ಮ್ಯಾಲ ತೇಪಿ ಆಗೇತಿ ಅನಿ, ಇನ್ನು ಹಿಡಿಯಂಗಿಲ್ಲ,’ ಎಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆಯುವಾಗ ಎರಡು ಸಲ ನಿಂತು ಎದೆ ಒತ್ತಿಕೊಂಡಿದ್ದ. ಕೇಳಿದ್ದಕ್ಕೆ ಗ್ಯಾಸು ಎಂದ. ಅವಳು ನಂಬಿದಳು.

*

ಹೊತ್ತು ಪಡುವಣಕ್ಕೆ ವಾಲಿತ್ತು. ಕುರುಗೋಡಿನ ಕಲ್ಲುಗುಡ್ಡ ದೂರದಲ್ಲಿ ಕಂಡಿತು. ‘ಅಕಾ ನೋಡು, ಬಂತು,’ ಎಂದು ಹುಲಿಗೇಶ ಹೇಳಿ ಬಾಯಿ ಮುಚ್ಚಿರಲಿಲ್ಲ, ಹ್ಯಾಂಡಲು ನಡುಗಿತು. ಮುಂದಿನ ಗಾಲಿ ಮತ್ತೆ ನೆಲ ಹಿಡಿದಿತ್ತು.

ಅನಿತಾ ಗಾಲಿಯ ಮುಂದೆ ಕೂತಳು. ಟೈರು ಎಬ್ಬಿಸಿ ಒಳಗೆ ಕೈಯಾಡಿಸಿದಳು. ಅಲ್ಲೇ ಇತ್ತು. ಬೆರಳಿಗೆ ಚುಚ್ಚಿ ರಕ್ತ ಬಂತು. ಟೈರಿನಲ್ಲಿ ಮುರಿದು ಕೂತ ಜಾಲಿಯ ಮುಳ್ಳಿನ ತುದಿ, ಬೇವಿನ ಬೀಜದಷ್ಟೂ ಉದ್ದವಿಲ್ಲ. ಅವಳು ಅದನ್ನು ಹಲ್ಲಿನಿಂದ ಕಚ್ಚಿ ಎಳೆದು ಉಗುಳಿದಳು.

‘ನಾನು ನೋಡ್ಲಿಲ್ಲ,’ ಎಂದಳು. ‘ಅಷ್ಟು ಹೇಳಿದ್ದ. ನೋಡ್ಲಿಲ್ಲ ನಾನು.’

‘ಬಿಡು. ನಡ್ಕೊಂತ ಹೋಗಾನ. ಯಾವುದಾರ ಗಾಡಿ ಸಿಗ್ತೈತಿ,’ ಎಂದ ಹುಲಿಗೇಶ.

ಅವಳು ಕೇಳಲಿಲ್ಲ. ಸಲೂಷನ್ ಟ್ಯೂಬನ್ನು ಎರಡೂ ಕೈಯಲ್ಲಿ ಹಿಂಡಿದಳು. ಬಾಯಿ ಕಟ್ಟಿದ್ದ ಅದು ಹೊಟ್ಟೆಯೊಡೆದು ಉಳಿದದ್ದೆಲ್ಲ ಅಂಗೈಗೆ ಸುರಿಯಿತು. ಆ ಕೈಯಿಂದಲೇ ತೂತಿನ ಮೇಲೆ ಬಳಿದು, ತೇಪೆಯಿಟ್ಟು, ಮುಷ್ಟಿಯಲ್ಲಿ ಒತ್ತಿ ಹಿಡಿದಳು. ಹಳೆಯ ತೇಪೆಗಳ ಸಾಲೇ ಸೀಳಿತ್ತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಗಾಳಿ ಸುಸ್ಸೆಂದಿತು. ಎರ್ರಣ್ಣನ ಫೋನು ಬಂದಾಗ, ‘ಗುಡ್ಡ ಕಾಣಾಕತ್ತೈತಿ ಚಿಕ್ಕಪ್ಪ, ಬಂದೇಬಿಟ್ವಿ,’ ಎಂದಳು. ಆಮೇಲೆ ಬಂದ ಫೋನುಗಳನ್ನು ಎತ್ತುವ ಧೈರ್ಯ ಅವಳಿಗೂ ಆಗಲಿಲ್ಲ, ಅವನಿಗೂ ಆಗಲಿಲ್ಲ.

ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂದಾಗ ಹುಲಿಗೇಶ ಅಡ್ಡ ನಿಂತು ನಿಲ್ಲಿಸಿದ. ಅವಳ ರಟ್ಟೆ ಹಿಡಿದು ಎಬ್ಬಿಸಿದ. ಗಾಡಿ ಜಾಲಿಯ ಕೆಳಗೆ ಬಿಚ್ಚಿದ ಗಾಲಿಯೊಂದಿಗೆ ನಿಂತಿತು. ಹುಲ್ಲಿನ ಮೇಲೆ ಕೂತು ಅವಳು ಅದನ್ನೇ ನೋಡುತ್ತಿದ್ದಳು. ಜಗತ್ತಿನಲ್ಲಿ ಅಪ್ಪನದೆಂದು ಉಳಿದದ್ದನ್ನು ತಾನೇ ಬಿಟ್ಟು ಬಂದೆ ಅನ್ನಿಸಿತು.

*

ರುದ್ರಭೂಮಿ ಊರ ಹೊರಗೆ, ಅವರು ಬರುವ ದಾರಿಯಲ್ಲೇ ಇತ್ತು. ಟ್ರ್ಯಾಕ್ಟರ್ ಅಲ್ಲಿಗೆ ಮುಟ್ಟಿದಾಗ ಜನ ತಿರುಗಿ ಹೊರಟಿದ್ದರು. ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದ ಇಬ್ಬರು ಮಾತಾಡುತ್ತಿದ್ದರು.

‘ಒಬ್ರಿಗೂ ಭಾರ ಆಗ್ಲಿಲ್ಲ ನೋಡು. ರಾತ್ರಿ ಉಂಡು ಮಲಗಿದಾಂವ, ಅಷ್ಟ.’

‘ಭಾರ ಹೊತ್ತು ಹೊತ್ತು ಸಾಕಾಗಿತ್ತು ಬಿಡೋ.’

ಅನಿತಾಳನ್ನು ಕಂಡು ಇಬ್ಬರೂ ದಾರಿ ಬಿಟ್ಟು ನಿಂತರು. ಎರ್ರಣ್ಣ ಗುಡ್ಡೆ ಮಾಡಿದ ಮಣ್ಣಿನ ಹತ್ತಿರ ನಿಂತಿದ್ದ. ನಾಯಿ ಕೆದರಬಾರದೆಂದು ಕುಣಿಯ ಮೇಲೆ ಜಾಲಿಯ ಕಂಟಿ ಹಾಸಿ ಕಲ್ಲು ಹೇರುತ್ತಿದ್ದರು. ಅವನು ಅವಳ ಕಡೆಗೆ ನಡೆದು ಬಂದ.

‘ಬಾಳ ಹೊತ್ತು ಕಾದ್ವಿ ಮಗಳ. ಬಂದೇಬಿಟ್ವಿ ಅಂದಿ ಅಂತ ಮತ್ತಷ್ಟು ಕಾದ್ವಿ. ಹೊತ್ತು ಮುಳುಗಾಕ ಬಂತು.’

‘ಬಟ್ಟಿ?’ ಎಂದ ಹುಲಿಗೇಶ, ಕೈಯಲ್ಲಿದ್ದ ಚೀಲ ಹಿಡಿದುಕೊಂಡೇ.

‘ಮಗಳ ಬಟ್ಟಿ ಬೀಳ್ದ ಎತ್ತಾಕ ಬಿಡಂಗಿಲ್ಲಂತ ಎಲ್ಲಮ್ಮ ಅಡ್ಡ ಬಿದ್ಲು. ಜೋಗಮ್ಮ ಒಳಗ ಹುಡುಕಿ ಅನಿದೊಂದು ಹಳೇ ಚೂಡಿದಾರದ ಓಡ್ನಿ ತಂದ್ಲು. ಸಾಲಿಗೆ ಹೋಗಾಗಿಂದು. ಅದನ್ನ ಹೊದಿಸಿದ್ವಿ.’ ಎರ್ರಣ್ಣ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ‘ಹಳೇದು ಮನ್ಯಾಗ ಇರಬೇಕಾದ್ರ ಹೊಸಾದು ಯಾಕ ಅಂತಿದ್ನಲ್ಲ, ಹಂಗ ಆತು.’

ಅನಿತಾಳಿಗೆ ಅಳು ಬರಲಿಲ್ಲ. ಮುಖ ನೋಡಲಿಲ್ಲ, ಇನ್ನು ಎಂದೂ ನೋಡುವುದಿಲ್ಲ ಎಂಬುದೊಂದೇ ಮನಸ್ಸಿನಲ್ಲಿತ್ತು.

‘ಒಂದು ಹಿಡಿ ಮಣ್ಣರ ಕೊಡ್ತೀನಿ,’ ಎಂದಳು.

‘ಕಂಟಿ ಹಾಕಿ ಆತಲ್ಲವ್ವ. ದೂರದಿಂದನ ಹಾಕು,’ ಎಂದ ಕಲ್ಲು ಹೊತ್ತವನು.

ಅವಳು ಕೇಳಲಿಲ್ಲ. ಮಂಡಿಯೂರಿ ಕೂತು ತಲೆಯ ಕಡೆಯ ಮುಳ್ಳಿನ ಕೊಂಬೆಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕಿಟ್ಟಳು. ಬಯಲಾದ ಮಣ್ಣಿನ ಮೇಲೆ ಅಂಗೈ ಇಟ್ಟು, ಟೈರಿನೊಳಗೆ ಆಡಿಸುವ ಹಾಗೆ, ಮೆಲ್ಲಗೆ ಆಚೆಯಿಂದ ಈಚೆಗೆ ಆಡಿಸಿದಳು. ಉಳಿದಿದ್ದ ಒಂದೆರಡು ಮುಳ್ಳನ್ನು ಆರಿಸಿ ತೆಗೆದಳು.

ಆಮೇಲೆ ಪಕ್ಕದ ಮಣ್ಣನ್ನು ಹಿಡಿ ತುಂಬ ತೆಗೆದುಕೊಂಡು ಗುಡ್ಡೆಯ ಮೇಲೆ ಕೈ ಚಾಚಿ ಬೆರಳು ಬಿಚ್ಚಿದಳು. ಸ್ವಲ್ಪ ಉದುರಿತು. ಉಳಿದದ್ದು ಸಲೂಷನ್ ಮೆತ್ತಿದ ಅಂಗೈಗೆ ಅಂಟಿಕೊಂಡು ಹಾಗೇ ನಿಂತಿತು. ಅವಳು ಕೈ ತಿರುವಿ ಕೊಡವಿದಳು, ಮತ್ತೆ ಕೊಡವಿದಳು. ಮಣ್ಣು ಬೀಳಲಿಲ್ಲ.